ಪೀರ್ ರಿವ್ಯೂ ಆದ ಸಂಶೋಧನೆಯನ್ನು ಹುಡುಕುವ ಬಗೆ: ನರ್ಸಿಂಗ್ ವಿದ್ಯಾರ್ಥಿಗಳಿಗೊಂದು ಕೈಪಿಡಿ

“ಕಳೆದ ಐದು ವರ್ಷಗಳಲ್ಲಿ ಪ್ರಕಟವಾದ, ಪೀರ್ ರಿವ್ಯೂ ಆದ ಸಂಶೋಧನಾ ಲೇಖನಗಳನ್ನು ಆಧರಿಸಿ ಬರೆಯಿರಿ.” ನರ್ಸಿಂಗ್ ಓದುವವರ ಕೈಗೆ ಬರುವ ಅಸೈನ್‌ಮೆಂಟ್‌ಗಳಲ್ಲಿ ಈ ವಾಕ್ಯ ಮತ್ತೆ ಮತ್ತೆ ಕಾಣಿಸುತ್ತದೆ. ಒಂದೇ ಉಸಿರಿನಲ್ಲಿ ಓದಿ ಮುಗಿಸುವ ಈ ವಾಕ್ಯದಲ್ಲಿ ಮೂರು ಷರತ್ತುಗಳಿವೆ. ಲೇಖನ ಹೊಸದಾಗಿರಬೇಕು, ಪೀರ್ ರಿವ್ಯೂ (ಅದೇ ಕ್ಷೇತ್ರದ ತಜ್ಞರ ಪರಿಶೀಲನೆ) ಆಗಿರಬೇಕು, ಸಂಶೋಧನೆಯಾಗಿರಬೇಕು. ಮೊದಲನೆಯದನ್ನು ಡೇಟಾಬೇಸ್, ಅಂದರೆ ಲೇಖನಗಳನ್ನು ಹುಡುಕುವ ಆನ್‌ಲೈನ್ ಸೂಚಿ, ಪೂರ್ತಿಯಾಗಿ ನೋಡಿಕೊಳ್ಳುತ್ತದೆ. ಎರಡನೆಯದನ್ನು ಅರ್ಧಂಬರ್ಧ ನೋಡಿಕೊಳ್ಳುತ್ತದೆ. ಮೂರನೆಯದನ್ನು ಲೇಖನ ತೆರೆದು ನೀವೇ ನೋಡಬೇಕು. ಮೂರನ್ನೂ ಡೇಟಾಬೇಸ್‌ನ ‘ಪೀರ್ ರಿವ್ಯೂಡ್’ ಎಂಬ ಚೌಕಕ್ಕೆ ಒಂದು ಟಿಕ್ ಹಾಕಿ ಮುಗಿಸಬಹುದು ಎಂದು ನಂಬಿದಾಗಲೇ ಎಡವಟ್ಟು ಶುರುವಾಗುತ್ತದೆ.

ಆ ಚೌಕ ಹೇಳುವುದೇನು?

ಲೇಖಕರು ಕಳುಹಿಸಿದ ಹಸ್ತಪ್ರತಿಯನ್ನು ಜರ್ನಲ್‌ನ ಸಂಪಾದಕರು ಅದೇ ಕ್ಷೇತ್ರದ ತಜ್ಞರಿಗೆ, ಸಾಮಾನ್ಯವಾಗಿ ಇಬ್ಬರು ಮೂವರಿಗೆ, ಕಳುಹಿಸುತ್ತಾರೆ. ವಿಧಾನ ಸರಿಯಿದೆಯೇ, ಫಲಿತಾಂಶದಿಂದ ಈ ತೀರ್ಮಾನ ಹೊರಡುತ್ತದೆಯೇ ಎಂದು ಅವರು ನೋಡಿ, ತಿದ್ದುಪಡಿ ಕೇಳುತ್ತಾರೆ ಅಥವಾ ತಿರಸ್ಕರಿಸಲು ಹೇಳುತ್ತಾರೆ. ಕೆಲವು ಜರ್ನಲ್‌ಗಳಲ್ಲಿ ಲೇಖಕರ ಹೆಸರು ಪರಿಶೀಲಿಸುವವರಿಗೆ ತಿಳಿದಿರುತ್ತದೆ, ಕೆಲವದರಲ್ಲಿ ಎರಡೂ ಕಡೆಯವರ ಹೆಸರನ್ನು ಮುಚ್ಚಿಟ್ಟಿರುತ್ತಾರೆ. ಪೀರ್ ರಿವ್ಯೂ ಎಂದರೆ ಇಷ್ಟೇ.

ಆದರೆ ಡೇಟಾಬೇಸ್‌ನಲ್ಲಿರುವ ಆ ಚೌಕ ಲೇಖನದ ಬಗ್ಗೆ ಮಾತನಾಡುವುದಿಲ್ಲ, ಜರ್ನಲ್‌ನ ಬಗ್ಗೆ ಮಾತನಾಡುತ್ತದೆ. ಪೀರ್ ರಿವ್ಯೂ ಮಾಡುವ ಜರ್ನಲ್‌ನ ಒಂದು ಸಂಚಿಕೆಯಲ್ಲಿ ಸಂಪಾದಕೀಯ ಇರುತ್ತದೆ, ಓದುಗರ ಪತ್ರಗಳಿರುತ್ತವೆ, ಪುಸ್ತಕ ಪರಿಚಯ ಮತ್ತು ಸುದ್ದಿ ತುಣುಕುಗಳಿರುತ್ತವೆ. ಇವು ಸಾಮಾನ್ಯವಾಗಿ ಪೀರ್ ರಿವ್ಯೂ ಆಗುವುದಿಲ್ಲ, ಆದರೂ ಟಿಕ್ ಹಾಕಿದ ಹುಡುಕಾಟದಲ್ಲಿ ನುಸುಳಿ ಬರುತ್ತವೆ. ಇನ್ನು ಪೀರ್ ರಿವ್ಯೂ ಆಗಿಯೂ ಸಂಶೋಧನೆಯಲ್ಲದ ಬರಹಗಳಿವೆ: ಒಂದು ವಿಷಯದ ಪರಿಚಯಾತ್ಮಕ ಅವಲೋಕನ, ಸಿದ್ಧಾಂತ ಚರ್ಚೆ, ವೃತ್ತಿನಿರತರಿಗಾಗಿ ಬರೆದ ಮುಂದುವರಿದ ಶಿಕ್ಷಣದ ಪಾಠ. ಓದಲು ಇವು ಬಹಳ ಚೆನ್ನಾಗಿರುತ್ತವೆ, ಅದೇ ಅಪಾಯ.

ಹಂತ 1: ಪ್ರಶ್ನೆಯನ್ನು ಬರೆದುಕೊಳ್ಳಿ

ಕಂಪ್ಯೂಟರ್ ಮುಟ್ಟುವ ಮೊದಲು ಕಾಗದ ತೆಗೆದುಕೊಳ್ಳಿ. ‘ಹಾಸಿಗೆ ಹುಣ್ಣು’ ಎಂಬುದು ವಿಷಯ, ಪ್ರಶ್ನೆಯಲ್ಲ. ಅದನ್ನು ಹಾಗೆಯೇ ಟೈಪ್ ಮಾಡಿದರೆ ಸಾವಿರಾರು ಲೇಖನಗಳು ಎದುರು ನಿಲ್ಲುತ್ತವೆ. ಪ್ರಶ್ನೆ ಕಟ್ಟಲು ನರ್ಸಿಂಗ್‌ನಲ್ಲಿ ಬಳಕೆಯಲ್ಲಿರುವ ಚೌಕಟ್ಟಿಗೆ ಪೈಕೋ ಎಂದು ಹೆಸರು. ರೋಗಿ ಯಾರು, ಮಾಡುವ ಆರೈಕೆ ಏನು, ಯಾವುದರೊಂದಿಗೆ ಹೋಲಿಕೆ, ನಿರೀಕ್ಷಿಸುವ ಫಲಿತಾಂಶ ಏನು — ನಾಲ್ಕು ಭಾಗಗಳು. ಉದಾಹರಣೆಗೆ: ಹಾಸಿಗೆ ಹಿಡಿದ ವಯಸ್ಕ ರೋಗಿಗಳನ್ನು ಪ್ರತಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದರಿಂದ, 4 ಗಂಟೆಗೊಮ್ಮೆ ಬದಲಿಸುವುದಕ್ಕಿಂತ, ಒತ್ತಡದ ಹುಣ್ಣುಗಳು ಕಡಿಮೆಯಾಗುತ್ತವೆಯೇ?

ಹೋಲಿಕೆಯ ಭಾಗ ಪ್ರತಿ ಪ್ರಶ್ನೆಗೂ ಬೇಕಿಲ್ಲ. ರೋಗಿಗಳ ಅಥವಾ ದಾದಿಯರ ಅನುಭವವನ್ನು ಅರಿಯುವ ಗುಣಾತ್ಮಕ ಪ್ರಶ್ನೆಯಾದರೆ ಮೂರು ಸಾಕು: ಯಾರು, ಯಾವ ಅನುಭವ, ಯಾವ ಸಂದರ್ಭ. ತುರ್ತು ನಿಗಾ ಘಟಕದಲ್ಲಿ ಮಗುವನ್ನು ಬಿಟ್ಟಿರುವ ತಾಯಂದಿರ ಆತಂಕದ ಬಗ್ಗೆ ಬರೆಯುವವರು ಅದನ್ನು ಪೈಕೋ ಒಳಗೆ ತುರುಕಲು ಹೆಣಗಬೇಕಾಗಿಲ್ಲ.

ಹಂತ 2: ಒಂದು ಸಂಗತಿಗೆ ಎಷ್ಟು ಹೆಸರುಗಳಿವೆ?

ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಎಲ್ಲರೂ ಹಾರಿಸುವುದೂ ಇದನ್ನೇ.

ಹಾಸಿಗೆ ಹುಣ್ಣಿನ ಉದಾಹರಣೆಯನ್ನೇ ನೋಡಿ. ಇಂಗ್ಲಿಷಿನಲ್ಲಿ ಇದಕ್ಕೆ ಬೆಡ್‌ಸೋರ್, ಡೆಕ್ಯುಬಿಟಸ್ ಅಲ್ಸರ್, ಪ್ರೆಶರ್ ಸೋರ್, ಪ್ರೆಶರ್ ಅಲ್ಸರ್ ಎಂಬ ಹೆಸರುಗಳಿವೆ. 2016ರಲ್ಲಿ ಅಮೆರಿಕದ ರಾಷ್ಟ್ರೀಯ ಸಲಹಾ ಮಂಡಳಿಯೊಂದು ಇದನ್ನು ‘ಪ್ರೆಶರ್ ಇಂಜುರಿ’ ಎಂದು ಕರೆಯಬೇಕೆಂದು ಹೇಳಿತು. ಚರ್ಮ ಒಡೆಯುವ ಮೊದಲೇ ಹಾನಿ ಆಗಿರುವ ಹಂತಗಳನ್ನು ‘ಹುಣ್ಣು’ ಎನ್ನಲಾಗದು ಎಂಬುದು ಅವರ ವಾದ. ಅಂದಿನಿಂದ ಎರಡೂ ಹೆಸರುಗಳು ಜೊತೆಜೊತೆಯಾಗಿ ಓಡಾಡುತ್ತಿವೆ. ಮಗ್ಗುಲು ಬದಲಿಸುವ ಕುರಿತ ಕಾಕ್ರೇನ್ ವಿಮರ್ಶೆಯ (ಒಂದು ಪ್ರಶ್ನೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಬರಹ) 2014ರ ಆವೃತ್ತಿಯ ಶೀರ್ಷಿಕೆಯಲ್ಲಿ ‘ಪ್ರೆಶರ್ ಅಲ್ಸರ್’ ಎಂದಿದೆ, 2020ರ ಆವೃತ್ತಿಯಲ್ಲಿ ಅದೇ ಜಾಗದಲ್ಲಿ ‘ಪ್ರೆಶರ್ ಇಂಜುರಿ’ ಎಂದಿದೆ. ಒಂದೇ ಪದ ಹಿಡಿದು ಶೀರ್ಷಿಕೆಗಳಲ್ಲಿ ಹುಡುಕುವವರಿಗೆ ಒಂದೋ ಹಳೆಯದು ಸಿಗುತ್ತದೆ, ಇಲ್ಲವೇ ಹೊಸದು.

ಆದ್ದರಿಂದ ಪ್ರಶ್ನೆಯ ಪ್ರತಿ ಭಾಗದ ಕೆಳಗೆ ಪರ್ಯಾಯ ಪದಗಳನ್ನು ಸಾಲಾಗಿ ಬರೆಯಿರಿ. ಜನ ಆಡುವ ಪದ, ವೈದ್ಯಕೀಯ ಪದ, ಹಳೆಯ ಪದ, ಸಂಕ್ಷಿಪ್ತ ರೂಪ ಎಲ್ಲವೂ ಇರಲಿ. ಪೀಡಿಯಾಟ್ರಿಕ್, ಅನಸ್ತೀಷಿಯಾ ಮುಂತಾದ ಪದಗಳಿಗೆ ಬ್ರಿಟಿಷ್ ಮತ್ತು ಅಮೆರಿಕನ್ ಕಾಗುಣಿತ ಬೇರೆ ಬೇರೆ, ಎರಡನ್ನೂ ಸೇರಿಸಿಕೊಳ್ಳಿ. ಪದಗಳು ಹೊಳೆಯದಿದ್ದರೆ ವಿಷಯಕ್ಕೆ ಹೊಂದುವ ಒಂದು ಒಳ್ಳೆಯ ಲೇಖನ ಹುಡುಕಿ, ಅದರ ಸಾರಾಂಶದ ಕೆಳಗಿನ ಕೀವರ್ಡ್‌ಗಳನ್ನು ಕದಿಯಿರಿ. ಈ ಕಳ್ಳತನಕ್ಕೆ ಯಾರೂ ಬೇಸರಿಸುವುದಿಲ್ಲ.

ಹಂತ 3: ಎಲ್ಲಿ ಹುಡುಕುವುದು

ಕಾಲೇಜಿನ ಗ್ರಂಥಾಲಯದ ಮೂಲಕ ಸಿನಾಲ್ ಸಿಗುವುದಾದರೆ ಅಲ್ಲಿಂದಲೇ ಆರಂಭಿಸಿ. ನರ್ಸಿಂಗ್ ಮತ್ತು ಅದಕ್ಕೆ ಹೊಂದಿಕೊಂಡ ಆರೋಗ್ಯ ವೃತ್ತಿಗಳ ಸಾಹಿತ್ಯಕ್ಕಾಗಿಯೇ ರೂಪುಗೊಂಡ ಸೂಚಿ ಇದು. 1961ರಲ್ಲಿ ಮುದ್ರಿತ ರೂಪದಲ್ಲಿ ಶುರುವಾಗಿ ಈಗ ಎಬ್ಸ್ಕೋ ಸಂಸ್ಥೆಯ ಡೇಟಾಬೇಸ್ ಆಗಿದೆ. ವೈದ್ಯಕೀಯ ಡೇಟಾಬೇಸ್‌ಗಳು ಅಷ್ಟಾಗಿ ಗಮನಿಸದ ನರ್ಸಿಂಗ್ ಜರ್ನಲ್‌ಗಳು ಇಲ್ಲಿ ಸಿಗುತ್ತವೆ. ಲೇಖಕರಲ್ಲಿ ಒಬ್ಬರಾದರೂ ನರ್ಸ್ ಆಗಿರುವ ಲೇಖನಗಳನ್ನು ಮಾತ್ರ ತೋರಿಸು ಎಂದು ಕೇಳುವ ಸೌಲಭ್ಯವೂ ಇದರಲ್ಲಿದೆ.

ಪಬ್‌ಮೆಡ್ ಎಲ್ಲರಿಗೂ ಉಚಿತ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಇದರಲ್ಲಿ ಮೂರೂವರೆ ಕೋಟಿಗೂ ಹೆಚ್ಚು ಲೇಖನಗಳ ವಿವರಗಳಿವೆ. ಆದರೆ ಪಬ್‌ಮೆಡ್‌ನಲ್ಲಿ ಪೀರ್ ರಿವ್ಯೂ ಫಿಲ್ಟರ್ ಇಲ್ಲ! ಎಷ್ಟು ಹುಡುಕಿದರೂ ಆ ಚೌಕ ಸಿಗದು. ಅಲ್ಲಿರುವ ಹೆಚ್ಚಿನ ಜರ್ನಲ್‌ಗಳು ಪೀರ್ ರಿವ್ಯೂ ಮಾಡುವಂಥವೇ. ಆದರೆ ಅವುಗಳ ಸಂಪಾದಕೀಯ, ಪತ್ರಗಳೂ ಅಲ್ಲಿವೆ. ಪರಿಶೀಲನೆಗೆ ಮುನ್ನವೇ ಬಿಡುಗಡೆಯಾದ ಪ್ರಿಪ್ರಿಂಟ್‌ಗಳು ಕೂಡ ಸ್ವಲ್ಪ ಮಟ್ಟಿಗೆ ಸೇರಿಕೊಂಡಿವೆ. “ಪಬ್‌ಮೆಡ್‌ನಲ್ಲಿ ಸಿಕ್ಕಿತು, ಆದ್ದರಿಂದ ಪೀರ್ ರಿವ್ಯೂ ಆಗಿದೆ” ಎಂಬ ಮಾತನ್ನು ಬರೆಯುವ ಮೊದಲು ಇದು ನೆನಪಿರಲಿ.

ಆರೈಕೆಯೊಂದು ಪರಿಣಾಮಕಾರಿಯೇ ಎಂಬ ಪ್ರಶ್ನೆಯಿದ್ದರೆ ಕಾಕ್ರೇನ್ ಗ್ರಂಥಾಲಯವನ್ನು ನೋಡದೆ ಮುಂದೆ ಹೋಗಬೇಡಿ. ಒಂದು ಪ್ರಶ್ನೆಗೆ ಸಂಬಂಧಿಸಿದ ಪ್ರಯೋಗಗಳನ್ನೆಲ್ಲ ನಿಗದಿತ ವಿಧಾನದಲ್ಲಿ ಕಲೆಹಾಕಿ, ತೂಗಿ ನೋಡುವ ಸಿಸ್ಟಮ್ಯಾಟಿಕ್ ರಿವ್ಯೂಗಳು ಅಲ್ಲಿವೆ. ಸಾರಾಂಶ ಮತ್ತು ಸರಳ ಭಾಷೆಯ ಸಂಕ್ಷೇಪ ಯಾರಿಗೂ ಮುಕ್ತ.

ಗೂಗಲ್ ಸ್ಕಾಲರ್? ಬಳಸಿ, ಆದರೆ ಕೊನೆಗೆ. ಒಂದು ಲೇಖನವನ್ನು ಆನಂತರ ಯಾರು ಯಾರು ಉಲ್ಲೇಖಿಸಿದ್ದಾರೆಂದು ತಿಳಿಯಲು ಮತ್ತು ಉಚಿತ ಪಿಡಿಎಫ್ ಹುಡುಕಲು ಅದು ಬಲು ಉಪಯುಕ್ತ. ಪೀರ್ ರಿವ್ಯೂ ಫಿಲ್ಟರ್ ಅದರಲ್ಲೂ ಇಲ್ಲ. ಪ್ರಬಂಧ, ಪುಸ್ತಕ, ಸಮ್ಮೇಳನದ ಟಿಪ್ಪಣಿ ಎಲ್ಲವನ್ನೂ ಅದು ಒಂದೇ ಪಟ್ಟಿಯಲ್ಲಿ ಸುರಿಯುತ್ತದೆ.

ಹಂತ 4: ಪದಗಳನ್ನು ಜೋಡಿಸುವುದು

ಎರಡು ಕೊಂಡಿಗಳು ಗೊತ್ತಿದ್ದರೆ ಮುಕ್ಕಾಲು ಕೆಲಸ ಆಯಿತು. ಒಂದೇ ಸಂಗತಿಯ ಬೇರೆ ಬೇರೆ ಹೆಸರುಗಳ ನಡುವೆ ‘ಆರ್’ (OR), ಯಾವುದಾದರೂ ಒಂದಿದ್ದರೆ ಸಾಕು. ಬೇರೆ ಬೇರೆ ಸಂಗತಿಗಳ ನಡುವೆ ‘ಆ್ಯಂಡ್’ (AND), ಎಲ್ಲವೂ ಇರಬೇಕು. ಒಂದು ಸಂಗತಿಯ ಹೆಸರುಗಳನ್ನೆಲ್ಲ ಒಂದು ಆವರಣದೊಳಗೆ ಕೂಡಿಹಾಕಿ:

(ಪ್ರೆಶರ್ ಅಲ್ಸರ್ ಆರ್ ಪ್ರೆಶರ್ ಇಂಜುರಿ ಆರ್ ಬೆಡ್‌ಸೋರ್ ಆರ್ ಡೆಕ್ಯುಬಿಟಸ್) ಆ್ಯಂಡ್ (ರಿಪೊಸಿಷನಿಂಗ್ ಆರ್ ಟರ್ನಿಂಗ್ ಆರ್ ಪೇಷೆಂಟ್ ಪೊಸಿಷನಿಂಗ್)

ಟೈಪ್ ಮಾಡುವಾಗ ಇದೆಲ್ಲ ಇಂಗ್ಲಿಷಿನಲ್ಲಿರಬೇಕು, ಕೊಂಡಿಗಳು ದೊಡ್ಡಕ್ಷರಗಳಲ್ಲಿರಬೇಕು. ಪಬ್‌ಮೆಡ್ ಸಣ್ಣಕ್ಷರದ ಕೊಂಡಿಯನ್ನು ಕೊಂಡಿಯೆಂದು ಗುರುತಿಸುವುದಿಲ್ಲ. ಆವರಣ ಮರೆತರೂ ಫಲಿತಾಂಶ ತಲೆಕೆಳಗಾಗುತ್ತದೆ.

ಪೈಕೋದ ನಾಲ್ಕೂ ಭಾಗಗಳನ್ನು ಹುಡುಕಾಟಕ್ಕೆ ತುಂಬಬೇಡಿ. ರೋಗಿ ಅಥವಾ ಸಮಸ್ಯೆ ಮತ್ತು ಆರೈಕೆ, ಈ ಎರಡರಿಂದ ಶುರು ಮಾಡಿ. ಫಲಿತಾಂಶದ ಪದಗಳನ್ನು ಲೇಖಕರು ಸಾರಾಂಶದಲ್ಲಿ ಹೇಗೆ ಬೇಕಾದರೂ ಬರೆದಿರಬಹುದು. ಅವನ್ನು ಕಡ್ಡಾಯ ಮಾಡಿದರೆ ಒಳ್ಳೆಯ ಲೇಖನಗಳೇ ಬಿದ್ದುಹೋಗುತ್ತವೆ.

‘ನಾಟ್’ ಎಂಬ ಮೂರನೆಯ ಕೊಂಡಿಯಿಂದ ದೂರವಿರುವುದು ಕ್ಷೇಮ. ಮಕ್ಕಳು ಬೇಡವೆಂದು ನಾಟ್ ಹಾಕಿದರೆ, ಮಕ್ಕಳು ಮತ್ತು ವಯಸ್ಕರು ಇಬ್ಬರ ಬಗ್ಗೆಯೂ ಬರೆದ ಲೇಖನಗಳು ಸಹ ಸದ್ದಿಲ್ಲದೆ ಮಾಯವಾಗುತ್ತವೆ. ಪದದ ಬೇರಿನ ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ಅದರ ಎಲ್ಲ ರೂಪಗಳೂ ಬರುತ್ತವೆ. ಎನ್, ಯು, ಆರ್, ಎಸ್ ಬರೆದು * ಹಾಕಿದರೆ ನರ್ಸ್, ನರ್ಸಸ್, ನರ್ಸಿಂಗ್ ಮೂರೂ ಸಿಗುತ್ತವೆ. ಜೊತೆಗೆ ಕರೆಯದಿದ್ದರೂ ನರ್ಸರಿಯೂ ಬರುತ್ತದೆ.

ಇನ್ನು ವಿಷಯ ಶೀರ್ಷಿಕೆಗಳು. ಪಬ್‌ಮೆಡ್‌ನ ಬೆನ್ನೆಲುಬಾದ ಮೆಡ್‌ಲೈನ್‌ನ ಲೇಖನಗಳಿಗೆಲ್ಲ ಮೆಶ್ ಎಂಬ ನಿಗದಿತ ಪದಕೋಶದಿಂದ ಶೀರ್ಷಿಕೆ ಅಂಟಿಸಿರುತ್ತಾರೆ. ಲೇಖಕರು ಬೆಡ್‌ಸೋರ್ ಎಂದಿರಲಿ, ಡೆಕ್ಯುಬಿಟಸ್ ಎಂದಿರಲಿ, ಅಂಟುವ ಚೀಟಿ ‘ಪ್ರೆಶರ್ ಅಲ್ಸರ್’ ಎಂಬುದೇ. ನೀವು ಬೆಡ್‌ಸೋರ್ ಎಂದು ಟೈಪ್ ಮಾಡಿದರೂ ಪಬ್‌ಮೆಡ್ ತಾನಾಗಿಯೇ ಆ ಶೀರ್ಷಿಕೆಯನ್ನು ಸೇರಿಸಿಕೊಂಡು ಹುಡುಕುತ್ತದೆ. ಅಡ್ವಾನ್ಸ್ಡ್ ಪುಟದ ಹುಡುಕಾಟ ಚರಿತ್ರೆಯಲ್ಲಿ ‘ಡೀಟೇಲ್ಸ್’ ತೆರೆದರೆ ಅದು ನಿಮ್ಮ ಮಾತನ್ನು ಹೇಗೆ ಅರ್ಥ ಮಾಡಿಕೊಂಡಿತೆಂದು ಕಾಣುತ್ತದೆ. ಆದರೆ ಪದಗುಚ್ಛಕ್ಕೆ ಉದ್ಧರಣ ಚಿಹ್ನೆ ಅಥವಾ ನಕ್ಷತ್ರ ಹಾಕಿದ ಕೂಡಲೇ ಈ ಸಹಾಯ ನಿಂತುಹೋಗುತ್ತದೆ. ಎಲ್ಲದಕ್ಕೂ ಉದ್ಧರಣ ಚಿಹ್ನೆ ಹಾಕುವುದೇ ಶಿಸ್ತು ಎಂದುಕೊಂಡವರು ತಮಗೆ ತಿಳಿಯದೆಯೇ ನಷ್ಟ ಮಾಡಿಕೊಳ್ಳುತ್ತಿರುತ್ತಾರೆ.

ಸಿನಾಲ್‌ಗೆ ತನ್ನದೇ ಶೀರ್ಷಿಕೆಗಳಿವೆ. ಅಲ್ಲಿ ‘ಎಕ್ಸ್‌ಪ್ಲೋಡ್’ ಆಯ್ದರೆ ಆ ಶೀರ್ಷಿಕೆಯ ಕೆಳಗಿನ ಕವಲುಗಳೂ ಸೇರುತ್ತವೆ, ‘ಮೇಜರ್ ಕಾನ್ಸೆಪ್ಟ್’ ಆಯ್ದರೆ ಆ ವಿಷಯವೇ ಮುಖ್ಯವಾಗಿರುವ ಲೇಖನಗಳು ಮಾತ್ರ ಉಳಿಯುತ್ತವೆ. ತೀರಾ ಹೊಸ ಲೇಖನಗಳಿಗೆ ಶೀರ್ಷಿಕೆ ಅಂಟಿರದಿರಬಹುದು. ಹಾಗಾಗಿ ಶೀರ್ಷಿಕೆ ಮತ್ತು ಸಾಮಾನ್ಯ ಪದ ಎರಡನ್ನೂ ಆರ್ ಹಾಕಿ ಹುಡುಕುವುದು ಒಳ್ಳೆಯದು.

ಹಂತ 5: ಫಿಲ್ಟರ್‌ಗಳು, ಈಗ

ಫಿಲ್ಟರ್ ಹಾಕುವ ಮೊದಲು ಮೊದಲ ಪುಟದ ಶೀರ್ಷಿಕೆಗಳ ಮೇಲೆ ಕಣ್ಣಾಡಿಸಿ. ಅರ್ಧದಷ್ಟು ವಿಷಯಕ್ಕೆ ಸಂಬಂಧವೇ ಇಲ್ಲದಂತಿದ್ದರೆ ತಪ್ಪು ಪದಗಳಲ್ಲಿದೆ. ಅದನ್ನು ಫಿಲ್ಟರ್ ಸರಿಪಡಿಸುವುದಿಲ್ಲ.

ಸಿನಾಲ್‌ನಲ್ಲಿ ‘ಪೀರ್ ರಿವ್ಯೂಡ್’ ಜೊತೆಗೆ ‘ರಿಸರ್ಚ್ ಆರ್ಟಿಕಲ್’ ಎಂಬ ಇನ್ನೊಂದು ಆಯ್ಕೆಯಿದೆ. ಎರಡನ್ನೂ ಒಟ್ಟಿಗೆ ಹಾಕಿ. ಮೊದಲನೆಯದು ಬಿಟ್ಟ ಸಂಪಾದಕೀಯಗಳಲ್ಲಿ ಬಹಳಷ್ಟನ್ನು ಎರಡನೆಯದು ಹಿಡಿಯುತ್ತದೆ. ಪಬ್‌ಮೆಡ್‌ನಲ್ಲಿ ಲೇಖನದ ಬಗೆಯನ್ನು ಆರಿಸಿ: ಯಾದೃಚ್ಛಿಕ ನಿಯಂತ್ರಿತ ಪ್ರಯೋಗ (ಭಾಗವಹಿಸುವವರನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ಹೋಲಿಸುವುದು), ಸಿಸ್ಟಮ್ಯಾಟಿಕ್ ರಿವ್ಯೂ ಇತ್ಯಾದಿ. ಪ್ರಿಪ್ರಿಂಟ್ ಬೇಡವೆನ್ನುವ ಆಯ್ಕೆಯೂ ಅಲ್ಲಿದೆ. ಪ್ರಕಟಣೆಯ ವರ್ಷ, ಭಾಷೆ, ವಯೋಮಾನ — ಇವು ಹೇಳಬೇಕಾಗಿಲ್ಲದಷ್ಟು ಸುಲಭ.

ಕೈ ತುರಿಸಿದರೂ ಹಾಕಬಾರದ ಒಂದು ಫಿಲ್ಟರ್ ‘ಫ್ರೀ ಫುಲ್ ಟೆಕ್ಸ್ಟ್’, ಅಂದರೆ ಪೂರ್ತಿ ಲೇಖನ ಉಚಿತವಾಗಿ ಸಿಗುವವು ಮಾತ್ರ. ಅದನ್ನು ಹಾಕಿದರೆ, ಒಳ್ಳೆಯ ಲೇಖನ ಯಾವುದು ಎಂಬುದನ್ನು ನಿಮ್ಮ ಪ್ರಶ್ನೆಯಲ್ಲ, ಪ್ರಕಾಶಕರ ವ್ಯವಹಾರ ತೀರ್ಮಾನಿಸಿದಂತಾಗುತ್ತದೆ. ಪೂರ್ಣ ಪಠ್ಯ ಪಡೆಯುವ ದಾರಿಗಳನ್ನು ಮುಂದೆ ಹೇಳುತ್ತೇನೆ.

ಫಲಿತಾಂಶ ವಿಪರೀತವಾದರೆ ಇನ್ನೊಂದು ಸಂಗತಿಯನ್ನು ಆ್ಯಂಡ್ ಮೂಲಕ ಸೇರಿಸಿ, ಅಥವಾ ಹುಡುಕಾಟವನ್ನು ಶೀರ್ಷಿಕೆ ಮತ್ತು ಸಾರಾಂಶಕ್ಕೆ ಸೀಮಿತಗೊಳಿಸಿ. ತೀರಾ ಕಡಿಮೆಯಾದರೆ ಒಂದು ಆ್ಯಂಡ್ ಕಿತ್ತುಹಾಕಿ, ಪರ್ಯಾಯ ಪದ ಹೆಚ್ಚಿಸಿ. ಒಂದೇ ಒಂದು ಒಳ್ಳೆಯ ಲೇಖನ ಸಿಕ್ಕಿದ್ದರೆ ಅದರ ಉಲ್ಲೇಖಪಟ್ಟಿಯಿಂದ ಹಿಂದಕ್ಕೂ, ಅದನ್ನು ಉಲ್ಲೇಖಿಸಿದವರ ಪಟ್ಟಿಯಿಂದ ಮುಂದಕ್ಕೂ ನಡೆಯಿರಿ. ಎಷ್ಟೋ ಸಲ ಡೇಟಾಬೇಸ್‌ಗಿಂತ ಈ ದಾರಿಯೇ ಬೇಗ ಮುಟ್ಟಿಸುತ್ತದೆ.

ಹಂತ 6: ಕೈಗೆ ಬಂದ ಲೇಖನವನ್ನು ಪರೀಕ್ಷಿಸುವುದು

ಜರ್ನಲ್ ಬಗ್ಗೆ ಅನುಮಾನವಿದ್ದರೆ ಅದರ ಜಾಲತಾಣದಲ್ಲಿ ಲೇಖಕರಿಗೆ ಕೊಟ್ಟ ಸೂಚನೆಗಳನ್ನು ಓದಿ. ಪರಿಶೀಲನೆ ಹೇಗೆ ನಡೆಯುತ್ತದೆಂದು ಅಲ್ಲಿ ಬರೆದಿರುತ್ತದೆ. ಗ್ರಂಥಾಲಯಕ್ಕೆ ಉಲ್ರಿಕ್ಸ್‌ವೆಬ್ ಇದ್ದರೆ ಜರ್ನಲ್‌ಗಳ ವಿವರ ಕೊಡುವ ಆ ಕೋಶದಲ್ಲಿ ಜರ್ನಲ್ ಹೆಸರು ಹಾಕಿ ನೋಡಿ, ಮುಕ್ತ ಪ್ರವೇಶದ (ಯಾರೂ ಉಚಿತವಾಗಿ ಓದಬಹುದಾದ) ಜರ್ನಲ್ ಆದರೆ ಅಂಥ ಜರ್ನಲ್‌ಗಳ ಡಿಒಎಜೆ ಪಟ್ಟಿಯಲ್ಲಿದೆಯೇ ನೋಡಿ. ಲೇಖನದ ಮೊದಲ ಅಥವಾ ಕೊನೆಯ ಪುಟದಲ್ಲಿ ಹಸ್ತಪ್ರತಿ ಬಂದ ದಿನ, ತಿದ್ದಿದ ದಿನ, ಒಪ್ಪಿದ ದಿನ ಎಂಬ ಸಾಲು ಇರುವುದು ಒಳ್ಳೆಯ ಸುಳಿವು. ಬಂದ ದಿನಕ್ಕೂ ಒಪ್ಪಿದ ದಿನಕ್ಕೂ ಎರಡೇ ದಿನದ ಅಂತರವಿದ್ದರೆ ಹುಬ್ಬೇರಿಸಬೇಕು. ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಮೋಸದ ಜರ್ನಲ್‌ಗಳು ನರ್ಸಿಂಗ್‌ನಲ್ಲೂ ಇವೆ. ಪ್ರಸಿದ್ಧ ಜರ್ನಲ್‌ನ ಹೆಸರನ್ನೇ ಹೋಲುವ ಹೆಸರು ಇಟ್ಟುಕೊಳ್ಳುವುದು ಅವುಗಳ ಹಳೆಯ ಚಾಳಿ.

ಸಂಶೋಧನೆ ಹೌದೋ ಅಲ್ಲವೋ ತಿಳಿಯಲು ನೇರವಾಗಿ ‘ಮೆಥಡ್ಸ್’ ಭಾಗಕ್ಕೆ ಹೋಗಿ. ಯಾರನ್ನು ಅಧ್ಯಯನ ಮಾಡಿದರು, ಎಷ್ಟು ಜನರನ್ನು, ಮಾಹಿತಿ ಹೇಗೆ ಸಂಗ್ರಹಿಸಿದರು, ನೈತಿಕ ಸಮಿತಿಯ ಅನುಮತಿ ಪಡೆದರೇ? ಇವುಗಳಿಗೆ ಉತ್ತರ ಇಲ್ಲದಿದ್ದರೆ ಅದು ಮೂಲ ಸಂಶೋಧನೆಯಲ್ಲ. ಸಿಸ್ಟಮ್ಯಾಟಿಕ್ ರಿವ್ಯೂ ಆದರೆ ಯಾವ ಡೇಟಾಬೇಸ್‌ಗಳಲ್ಲಿ ಯಾವ ಪದಗಳಿಂದ ಹುಡುಕಿದರೆಂಬುದನ್ನು ಅದೇ ಭಾಗದಲ್ಲಿ ಬರೆದಿರುತ್ತಾರೆ. ಅದಿಲ್ಲದ ‘ರಿವ್ಯೂ’ ಸಾಮಾನ್ಯ ಅವಲೋಕನ ಅಷ್ಟೇ.

ಸಾರಾಂಶ ಓದಿ ಉಲ್ಲೇಖಿಸುವವರಿಗೆ ಒಂದು ಎಚ್ಚರಿಕೆ. ನಮ್ಮ ಉದಾಹರಣೆಯ ಪ್ರಶ್ನೆಯನ್ನೇ ಪರೀಕ್ಷಿಸಿದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಅಮೆರಿಕ ಮತ್ತು ಕೆನಡಾದ 27 ಆರೈಕೆ ಕೇಂದ್ರಗಳ 942 ನಿವಾಸಿಗಳನ್ನು 2, 3 ಅಥವಾ 4 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ನೋಡಿದಾಗ ಹುಣ್ಣಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ 4 ಗಂಟೆ ಸಾಕೆಂದು ಬರೆದುಬಿಡಬಹುದೇ? ಅವರೆಲ್ಲ ಮಲಗಿದ್ದದ್ದು ಹೆಚ್ಚು ಸಾಂದ್ರತೆಯ ಫೋಮ್ ಹಾಸಿಗೆಗಳ ಮೇಲೆ. ಸಾಧಾರಣ ಹಾಸಿಗೆಯ ವಾರ್ಡಿಗೆ ಈ ಫಲಿತಾಂಶವನ್ನು ಹಾಗೆಯೇ ಹೊತ್ತೊಯ್ಯಲಾಗದು. ಮುಂದೆ 2020ರ ಕಾಕ್ರೇನ್ ವಿಮರ್ಶೆಯೂ, ಎಷ್ಟು ಹೊತ್ತಿಗೊಮ್ಮೆ ಬದಲಿಸುವುದು ಒಳ್ಳೆಯದೆಂಬ ಬಗ್ಗೆ ಲಭ್ಯ ಪುರಾವೆಯ ಖಚಿತತೆ ಕಡಿಮೆ ಎಂದೇ ಹೇಳಿತು. ಇಂಥ ವಿವರವನ್ನು ಅಸೈನ್‌ಮೆಂಟಿನಲ್ಲಿ ಬರೆದವರು ಲೇಖನ ಓದಿದ್ದಾರೆಂದು ಮೌಲ್ಯಮಾಪಕರಿಗೆ ತಕ್ಷಣ ಗೊತ್ತಾಗುತ್ತದೆ.

ಪೀರ್ ರಿವ್ಯೂ ಆದ ಮೇಲೂ ಲೇಖನವನ್ನು ಹಿಂಪಡೆಯುವುದುಂಟು. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ, 12 ಮಕ್ಕಳನ್ನು ಕುರಿತ ಆ್ಯಂಡ್ರೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಲೇಖನ ಹೆಸರಾಂತ ಲ್ಯಾನ್ಸೆಟ್‌ನಂಥ ಜರ್ನಲ್‌ನಲ್ಲೇ 1998ರಲ್ಲಿ ಬಂದದ್ದು. ಅದನ್ನು ಹಿಂಪಡೆದದ್ದು 2010ರಲ್ಲಿ. ಪಬ್‌ಮೆಡ್‌ನಲ್ಲಿ ಹಿಂಪಡೆದ ಲೇಖನದ ಮೇಲ್ಭಾಗದಲ್ಲಿ ಎದ್ದುಕಾಣುವ ಸೂಚನೆ ಇರುತ್ತದೆ. ಎಂದೋ ಇಳಿಸಿಕೊಂಡ ಪಿಡಿಎಫ್‌ನಲ್ಲಿ ಆ ಸೂಚನೆ ಇರುವುದಿಲ್ಲ. ಹಳೆಯ ಪ್ರತಿಯಿಂದ ಉಲ್ಲೇಖಿಸುವ ಮುನ್ನ ಒಮ್ಮೆ ಜಾಲದಲ್ಲಿ ತೆರೆದು ನೋಡಿ.

ಎಐ ಚಾಟ್‌ಬಾಟ್‌ಗಳನ್ನು ಪರ್ಯಾಯ ಪದಗಳಿಗಾಗಿ ಕೇಳಿದರೆ ಚೆನ್ನಾಗಿ ಕೊಡುತ್ತವೆ. ಲೇಖನಗಳ ಪಟ್ಟಿ ಕೇಳಿದರೆ ಲೇಖಕರ ಹೆಸರು, ಜರ್ನಲ್, ಪುಟ ಸಂಖ್ಯೆ ಸಮೇತ ಎಂದೂ ಬರೆಯದ ಲೇಖನಗಳನ್ನೂ ಸೃಷ್ಟಿಸಿ ಕೊಟ್ಟಾವು. ಪ್ರತಿಯೊಂದರ ಡಿಒಐ ಸಂಖ್ಯೆಯನ್ನು (ಲೇಖನಕ್ಕೆ ಕೊಟ್ಟ ಶಾಶ್ವತ ಗುರುತು) ಜಾಲದಲ್ಲಿ ತೆರೆದು, ಅದೇ ಶೀರ್ಷಿಕೆ ಬರುತ್ತದೆಯೇ ಎಂದು ನೋಡದೆ ಒಂದನ್ನೂ ಬಳಸಬೇಡಿ.

ಹಂತ 7: ಪೂರ್ಣ ಪಠ್ಯ

ಹಣ ಕೇಳುವ ಪುಟ ಎದುರಾದರೆ ಹಿಂದಕ್ಕೆ ಬನ್ನಿ, ಪಾವತಿಸಬೇಡಿ. ಮೊದಲು ಗ್ರಂಥಾಲಯದ ಪುಟದ ಮೂಲಕ ಲಾಗಿನ್ ಆಗಿ ಅದೇ ಲೇಖನ ಹುಡುಕಿ. ಹೊರಗಿನಿಂದ ಮುಚ್ಚಿದ ಬಾಗಿಲು ಒಳಗಿನಿಂದ ತೆರೆದಿರಬಹುದು. ನಂತರ ಪಬ್‌ಮೆಡ್ ಸೆಂಟ್ರಲ್ ನೋಡಿ. ಹೆಸರು ಒಂದೇ ಥರ ಇದ್ದರೂ ಇದು ಪಬ್‌ಮೆಡ್ ಅಲ್ಲ, ಪೂರ್ಣ ಪಠ್ಯಗಳ ಉಚಿತ ಭಂಡಾರ. ಅನ್‌ಪೇವಾಲ್ ಎಂಬ ಬ್ರೌಸರ್ ವಿಸ್ತರಣೆ ಕಾನೂನುಬದ್ಧ ಉಚಿತ ಪ್ರತಿ ಎಲ್ಲಾದರೂ ಇದ್ದರೆ ತೋರಿಸುತ್ತದೆ. ಅದೂ ಆಗದಿದ್ದರೆ ಗ್ರಂಥಪಾಲಕರನ್ನು ಕೇಳಿ ಬೇರೆ ಗ್ರಂಥಾಲಯದಿಂದ ತರಿಸಿಕೊಳ್ಳಬಹುದು, ಅಥವಾ ಲೇಖನದಲ್ಲಿ ಕೊಟ್ಟಿರುವ ಇಮೇಲ್‌ಗೆ ಎರಡು ಸಾಲು ಬರೆದು ಲೇಖಕರನ್ನೇ ಕೇಳಬಹುದು. ತಮ್ಮ ಲೇಖನವನ್ನು ಯಾರೋ ಓದಲು ಬಯಸಿದ್ದಾರೆಂದು ಅವರಿಗೆ ಸಂತೋಷವೇ ಆಗುತ್ತದೆ.

ಹಂತ 8: ದಾಖಲೆ ಇಡುವುದು

ಯಾವ ದಿನ, ಯಾವ ಡೇಟಾಬೇಸ್‌ನಲ್ಲಿ, ಯಾವ ಪದಗಳ ಸಾಲಿನಿಂದ, ಯಾವ ಫಿಲ್ಟರ್‌ಗಳೊಂದಿಗೆ ಹುಡುಕಿದಿರಿ, ಎಷ್ಟು ಸಿಕ್ಕವು — ಇಷ್ಟನ್ನು ಆಗಲೇ ಬರೆದಿಡಿ. ಪಬ್‌ಮೆಡ್‌ನ ಹುಡುಕಾಟ ಚರಿತ್ರೆ 8 ಗಂಟೆ ಮುಟ್ಟದೆ ಬಿಟ್ಟರೆ ಅಳಿಸಿಹೋಗುತ್ತದೆ. ಉಚಿತ ಖಾತೆ ತೆರೆದರೆ ಹುಡುಕಾಟವನ್ನು ಉಳಿಸಬಹುದು, ಹೊಸ ಲೇಖನ ಬಂದಾಗ ಇಮೇಲ್ ಬರುವಂತೆಯೂ ಮಾಡಬಹುದು. ಲೇಖನಗಳ ವಿವರಗಳನ್ನು ಜೋಟೆರೋದಂಥ ಉಚಿತ ತಂತ್ರಾಂಶಕ್ಕೆ ಸೇರಿಸಿಕೊಳ್ಳಿ. ಅದು ತಯಾರಿಸುವ ಉಲ್ಲೇಖಪಟ್ಟಿಯನ್ನು ಕಣ್ಣುಮುಚ್ಚಿ ಒಪ್ಪಿಸಬೇಡಿ: ಡೇಟಾಬೇಸ್‌ನಿಂದ ಬರುವಾಗ ಶೀರ್ಷಿಕೆ ಪೂರ್ತಿ ದೊಡ್ಡಕ್ಷರದಲ್ಲಿ ಬಂದಿರುತ್ತದೆ, ಲೇಖಕರ ಹೆಸರು ಹಿಂದುಮುಂದಾಗಿರುತ್ತದೆ, ಕೆಲವೊಮ್ಮೆ ಸಂಚಿಕೆಯ ಸಂಖ್ಯೆಯೇ ಇರುವುದಿಲ್ಲ. ಪಿಡಿಎಫ್‌ನ ಮೊದಲ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡಿ ತಿದ್ದಿ.